ದೋನ್ ಎವಾರಿಸ್ತೊ ಇಡಿಸಿದ ಬಾಗಿಲು

ಪಾದ್ರಿಗಳು ತೀರ್ಥ ಚಿಮುಕಿಸಿ ಹರಸಿದ ಹೊಸ ಫೈರ್ ಎಂಜಿನ್ನು ಹೊಸ ಠಾಣೆಯ ಬಾಗಿಲಿಗೇ ತಲೆ ಚಚ್ಚಿಕೊಂಡು ನಿಂತಿತು. ದಕ್ಷಿಣ ಚಿಲಿಯ ನಮ್ಮೂರಿನ ಸ್ವಯಂಸೇವಕ ಅಗ್ನಿಶಾಮಕ ದಳಕ್ಕೆ ಈ ಠಾಣೆಯ ನಕ್ಷೆ ಬರೆದುಕೊಟ್ಟವರು ಊರೆಲ್ಲ ಗೌರವದಿಂದ 'ದೋನ್' ಎನ್ನುವ ಔಷಧಿ ಅಂಗಡಿಯ ಎವಾರಿಸ್ತೊ. ಔತಣಕ್ಕೆ ಹಜಾರ, ಪದಕಗಳಿಗೆ ಕೋಣೆ, ಹಿರಿಯರ ಪಟಗಳಿಗೆ ಗೋಡೆ, ಎಲ್ಲ ಇತ್ತು. ಆ ಗೋಡೆಗೆ ತಮ್ಮ ಪಟಕ್ಕೆಂದು ಮೊಳೆಯನ್ನೂ ಹೊಡೆಸಿಟ್ಟಿದ್ದರು. ಈಗ ಆ ಮೊಳೆಗೇ ಕುತ್ತು ಬಂದಿತ್ತು.

"ಬಾಗಿಲು ಅಂದ್ಮೇಲೆ ಬಾಗಿ ಬರಬೇಕಲ್ವಾ ಕ್ಯಾಪ್ಟನ್ನಮ್ಮ?" ಎಂದರು ಎವಾರಿಸ್ತೊ.

"ಬಾಗೋಕೆ ಗಾಡಿಗೆ ಸೊಂಟ ಇದ್ಯಾ ದೋನ್? ಗಾಡಿ ಹೊರಗೆ, ನಿಮ್ಮ ಪಟ ಒಳಗೆ, ಅದೆಲ್ಲ ಆಗಲ್ಲ!" ದಳದ ಕ್ಯಾಪ್ಟನ್ ನೊಯೆಲಿಯಾ ಸಿಡುಕಿದರು. "ಅದೇನನ್ನ ಅಳೆದು ಈ ಬಾಗಿಲು ಇಡಿಸಿದ್ರಿ?"

"ಮೆರವಣಿಗೆ ಬಾವುಟದ ಕೋಲನ್ನ. ಮೂವತ್ತು ವರ್ಷದಲ್ಲಿ ನಮ್ಮ ದಳದಿಂದ ಹೊತ್ತಿಗೆ ಸರಿಯಾಗಿ ಹೊರಗೆ ಹೋಗಿದ್ದು ಅದೊಂದೇ."