ಕಾಲ ಮೇಲಿನ ಕುಳಿ

ಸಿಂದಗಿಯ ಆಸ್ಪತ್ರೆಯೊಂದರಲ್ಲಿ, ಲಕ್ವಾ ಹೊಡೆದವರಿಗೆ ಮತ್ತೆ ನಡೆಯಲು ಕಲಿಸುವ ವಾರ್ಡಿಗೆ, ಊಟದ ತಪಾಸಣೆಗೆಂದು ಒಬ್ಬರು ಬರುತ್ತಿದ್ದರು. ನಾವು ಅವರನ್ನು ಊಟದ ಮೇಡಂ ಅನ್ನುತ್ತಿದ್ದೆವು. ಒಂದು ದಿನವೂ ಜೋರು ಮಾಡಿದವರಲ್ಲ. ಆದರೂ ಅವರ ಚಪ್ಪಲಿ ಸಪ್ಪಳ ಕೇಳಿದರೆ ನಾನು ಗಂಜಿ ಉಳಿದ ಡಬ್ಬಿಯನ್ನು ಮಂಚದ ಕೆಳಗೆ ಸರಿಸುತ್ತಿದ್ದೆ.

ಆ ವಾರ್ಡಿನಲ್ಲಿದ್ದ ನಮ್ಮ ಅವ್ವನ ಹಾಸಿಗೆಯ ಅಂಚಿಗೆ ಕೂತು, "ಕೊಟ್ಟಿದ್ದು ಬ್ಯಾಡ್ರಿ, ಒಳಗ ಹೋಗಿದ್ದು ಹೇಳ್ರಿ" ಅನ್ನುವರು. ಡಬ್ಬಿಯಲ್ಲಿ ತಂದದ್ದನ್ನೆಲ್ಲ ನಾನು ಹೇಳಿ ಮುಗಿಸುವತನಕ ಕಾದು, ಮತ್ತೆ ಅದನ್ನೇ ಕೇಳುವರು.

ಗಂಟಲಿಗೆ ಸಿಕ್ಕೀತೆಂದು ಅವ್ವ ನುಂಗಲು ಹೆದರುತ್ತಿದ್ದಳು. ನಾಲ್ಕು ಚಮಚ ಗಂಜಿಗೇ ಮುಖ ತಿರುಗಿಸುತ್ತಿದ್ದಳು. ಆದರೆ ಒಂದು ದಿನ ನೋಡಲು ಬಂದ ಚಿಗವ್ವ ಖುಷಿಯಿಂದ ಮೇಡಂಗೆ, "ಅಕ್ಕ ಮೈ ಹಿಡದಾಳ ನೋಡ್ರಿ, ಕಾಲು ಹೆಂಗ ತುಂಬ್ಯಾವ!" ಅಂದಳು. ನನಗೂ ಹಾಗೇ ಅನಿಸಿತ್ತು.

ಮೇಡಂ ಹೆಬ್ಬೆರಳನ್ನು ಅಂಗೈಗೆ ತಿಕ್ಕಿ ಬೆಚ್ಚಗೆ ಮಾಡಿಕೊಂಡರು. ಅದನ್ನು ಅವ್ವನ ಮೊಣಕಾಲ ಕೆಳಗೆ ಒತ್ತಿ ತೆಗೆದರು. ನಾದಿದ ಹಿಟ್ಟಿನಲ್ಲಿ ಬಿದ್ದಂತೆ ಕುಳಿ ಬಿತ್ತು.

"ಇದು ಮೈ ಅಲ್ರಿ, ನೀರು. ಊಟ ಸಾಲದಿದ್ರ ಹಿಂಗ ತುಂಬತೈತಿ. ಮೈ ಕರಗಾಕತ್ತೈತಿ. ರಟ್ಟಿ ನೋಡ್ರಿ."

ಅವ್ವನ ಹಸಿರು ಬಳೆಗಳನ್ನು ಮೆಲ್ಲಗೆ ಮೇಲೆ ಸರಿಸಿದರು. ಅವು ಎಲ್ಲಿಯೂ ತಡೆಯದೆ ಮೊಣಕೈ ದಾಟಿ ಹೋದವು.

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಕಾಲಿನ ಕಡೆ ನೋಡಿದೆ. ಕುಳಿ ಇನ್ನೂ ಹಾಗೇ ಇತ್ತು.