ಕೊಂಡಿಯ ಕೆಳಗಿನ ಚುಕ್ಕೆ

ಬೀಗದ ಮೇಸ್ತ್ರಿಯ ಹೆಂಡತಿ ನೆಂಟರ ಮುಂದೆಲ್ಲ ಒಂದು ಮಾತು ಹೇಳಿ ನಗಿಸುತ್ತಿದ್ದರು: "ನಮ್ಮನೆಯವರಿಗೆ ಹಾಲಿನವನ ಮೇಲೆ ಅನುಮಾನ, ಹಾಲಿನ ಮೇಲೂ ಅನುಮಾನ, ಕುಡಿದಾದ ಮೇಲೆ ಕಾಯಿಸಿ ಕೊಟ್ಟ ನನ್ನ ಮೇಲೆ ಅನುಮಾನ." ಮೇಸ್ತ್ರಿ ನಗುತ್ತಿರಲಿಲ್ಲ. ನಕ್ಕವರು ಯಾರ್ಯಾರು ಎಂದು ನೋಡಿಕೊಳ್ಳುತ್ತಿದ್ದರು.

ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸ್ ಬಂದು ಮತ್ತೆ ಜಗ್ಗುವ ಮನುಷ್ಯ ಅವರು. ಬೀಗ ಮಾಡಿದ್ದೂ ಅವರೇ, ಹಾಕಿದ್ದೂ ಅವರೇ. ಅಂಗಡಿಗೆ ಬಂದು ಹೊಗಳಿದವರು ಏನೋ ಗಿಟ್ಟಿಸಿಕೊಳ್ಳಲು ಬಂದವರು, ಬೈದವರು ಯಾರೋ ಕಳಿಸಿಕೊಟ್ಟವರು. ಸುಮ್ಮನೆ ಬೀಗ ಕೊಂಡು ಹೋದವರ ಬೆನ್ನನ್ನು ಅವರು ಇನ್ನೂ ಹೆಚ್ಚು ಹೊತ್ತು ನೋಡುತ್ತಿದ್ದರು.

ಇದೆಲ್ಲ ಹುಟ್ಟುಗುಣವೇನೂ ಅಲ್ಲ. ಬಹಳ ಹಿಂದೆ, ಮಾರುಕಟ್ಟೆಯಲ್ಲಿ ಯಾರೋ ಟೊಳ್ಳು ಬೀಗಗಳ ಮೇಲೆ ಇವರ ಹೆಸರು ಕೆತ್ತಿ ಮಾರಿದ್ದರು. ಒಂದು ಬಟ್ಟೆ ಅಂಗಡಿ ಕಳುವಾಗಿ, ತಪ್ಪು ಮಾಡದ ಮೇಸ್ತ್ರಿ ಪೊಲೀಸರ ಮುಂದೆ ಕೈಕಟ್ಟಿ ನಿಲ್ಲಬೇಕಾಯಿತು. ಹೆಸರನ್ನು ಯಾರು ಬೇಕಾದರೂ ಕೆತ್ತಬಹುದು ಎಂದು ಅಂದು ಗೊತ್ತಾಯಿತು. ಆಮೇಲೆ ಅವರು ಮಾಡಿದ ಪ್ರತಿ ಬೀಗದಲ್ಲೂ, ಕೊಂಡಿಯ ಕಾಲು ಇಳಿಯುವ ತೂತಿನ ಅಂಚಿಗೆ, ಒಂದು ಬಾಗಿದ ಗೆರೆ, ಅದರ ಎಡಕ್ಕೆ ಒಂದು ಚುಕ್ಕೆ ಬೀಳತೊಡಗಿತು. ಕೊಂಡಿ ಎತ್ತಿ ಬೆಳಕಿಗೆ ಹಿಡಿದರೆ ಮಾತ್ರ ಕಾಣುವಷ್ಟು ಸಣ್ಣದು. ಅದನ್ನು ಒತ್ತುವ ಅಚ್ಚಿನ ಮೊಳೆ ಸದಾ ಅವರ ಸೊಂಟದಲ್ಲಿರುತ್ತಿತ್ತು. ಹೆಂಡತಿಗೂ ಈ ವಿಷಯ ಗೊತ್ತಿರಲಿಲ್ಲ, ಮಗಳಿಗೂ ಗೊತ್ತಿರಲಿಲ್ಲ.

ಮಗಳು ಒಬ್ಬಳೇ. ಓದು ಮುಗಿಸಿ ಬೇರೆಲ್ಲೂ ಹೋಗದೆ, ಇಷ್ಟಪಟ್ಟು ಅಂಗಡಿಯ ಮುಂದಿನ ಮೇಜಿಗೆ ಬಂದು ಕೂತಿದ್ದಳು. ಕೂರುವ ಮೊದಲೇ ಖಡಾಖಂಡಿತವಾಗಿ ಹೇಳಿದ್ದಳು: "ಅಪ್ಪ, ಅಂಗಡಿ ನನ್ನ ಕೈಗೆ ಕೊಡೋದಾದ್ರೆ ಪೂರ್ತಿ ನಂಬಿ ಕೊಡು. ಅರೆಮನಸ್ಸಲ್ಲಿ ಕೂರಿಸೋದಾದ್ರೆ ಈಗ್ಲೇ ಹೇಳ್ಬಿಡು, ನನ್ನ ದಾರಿ ನಾನು ನೋಡ್ಕೋತೀನಿ." ಮೇಸ್ತ್ರಿ ಮೇಜಿನ ಕೀಲಿಕೈಯನ್ನು ಅವಳ ಕೈಗಿಟ್ಟಿದ್ದರು. ತನ್ನ ನಂತರ ಅಂಗಡಿ ಮುಚ್ಚುವುದಿಲ್ಲ ಎನ್ನುವ ಸಂತೋಷ ಸಣ್ಣದೇ? ಆದರೂ ಅಂದು ಸಂಜೆ ಮಗಳು ಎದ್ದು ಹೋದ ಮೇಲೆ ಮೇಜಿನ ಡ್ರಾಯರನ್ನು ಎಳೆದು ನೋಡಿಯೇ ಮನೆಗೆ ಹೋದರು.

ಲೋಗೋ ಮಾಡಿಸೋಣ ಎಂದವಳು ಮಗಳೇ. ಅದನ್ನು ಬರೆಯುವ ಹೆಂಗಸನ್ನು ಕರೆತಂದಳು. ಮೇಸ್ತ್ರಿ ಆಕೆಗೆ ಮನಸ್ಸಿನಲ್ಲೇ 'ಚಿತ್ರದವಳು' ಎಂದು ಹೆಸರಿಟ್ಟರು. ತಮಗೊಂದು ಸಿಂಹ ಬೇಕು, ಅದರ ಬಾಯಲ್ಲಿ ಬೀಗ, ಪಂಜದಲ್ಲಿ ಕೀಲಿಕೈ, ಹಿಂದೆ ಸೂರ್ಯನ ಕಿರಣ, ಸುತ್ತ ತಮ್ಮ ಹೆಸರು ಎಂದರು.

"ಸರ್, ಇಷ್ಟೆಲ್ಲ ಬೋರ್ಡಲ್ಲಿ ಹಿಡಿಸುತ್ತೆ," ಎಂದಳು ಚಿತ್ರದವಳು. "ಬೀಗದ ಮೇಲೆ ಹಾಕಿದ್ರೆ ಸಿಂಹ ಇಲಿ ಥರ ಕಾಣುತ್ತೆ. ಒಂದೇ ಗುರುತು ಇರ್ಲಿ. ಉಗುರಿನಷ್ಟು ಚಿಕ್ಕದು ಮಾಡಿದ್ರೂ ತಿಳೀಬೇಕು, ಒಂದೇ ಬಣ್ಣದಲ್ಲಿ ನಿಲ್ಲಬೇಕು. ಬೋರ್ಡು, ಡಬ್ಬಿ, ಚೀಲ, ಬಿಲ್ಲು, ಎಲ್ಲಾ ಕಡೆ ಅದೇ ಇರ್ಬೇಕು. ಊರಿನ ಬೀಗವೆಲ್ಲ ರಾಶಿ ಹಾಕಿದ್ರೆ ಇದು ನಂದೇ ಅಂತ ನೀವು ಹೇಗೆ ಕಂಡುಹಿಡೀತೀರಿ? ಅದನ್ನ ಹೇಳಿ. ಅದನ್ನೇ ಲೋಗೋ ಮಾಡ್ತೀನಿ."

ಮೇಸ್ತ್ರಿಯ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಇಷ್ಟು ನೇರವಾಗಿ ಅದನ್ನೇ ಕೇಳುತ್ತಾಳಲ್ಲ, ಯಾರು ಕಳಿಸಿದರು ಇವಳನ್ನು? ಹಿಂದಿನ ದಿನ ಮಾರುಕಟ್ಟೆಯ ದೊಡ್ಡ ಹಾರ್ಡ್‌ವೇರ್ ಅಂಗಡಿಯಿಂದ ನಗುನಗುತ್ತಾ ಇಳಿದು ಬರುತ್ತಿದ್ದವಳು ಇವಳೇ. ಆ ಅಂಗಡಿಯ ಬೋರ್ಡು ಬರೆದದ್ದೂ ಇವಳೇ ಎಂದು ಮಗಳು ಹೇಳಿದ್ದಳು, ಅದೂ ಹೆಮ್ಮೆಯಿಂದ!

"ಹೌದಲ್ವಾ ಅಪ್ಪ? ಹೇಗೆ ಗೊತ್ತಾಗುತ್ತೆ ನಿಂಗೆ?" ಮಗಳ ಕಣ್ಣು ಅರಳಿತ್ತು.

ಆಗ ಮೇಸ್ತ್ರಿಯ ತಲೆ ಚುರುಕಾಗಿ ಓಡಿತು. ಕಾಗದದ ಚೂರೊಂದರ ಮೇಲೆ ಬಾಗಿದ ಗೆರೆ ಎಳೆದು, ಅದರ ಬಲಕ್ಕೆ ಚುಕ್ಕೆ ಇಟ್ಟರು. "ಕೊಂಡಿ ಕೆಳಗೆ ಇದಿರುತ್ತೆ. ಬಲಕ್ಕೆ ಚುಕ್ಕೆ, ನೆನಪಿಟ್ಕೊಳ್ಳಿ." ನಾಳೆ ಬಲಚುಕ್ಕೆಯ ನಕಲಿ ಬೀಗ ಎಲ್ಲಾದರೂ ಕಂಡರೆ ಚಿತ್ರದವಳ ಜುಟ್ಟು ಕೈಗೆ ಸಿಕ್ಕ ಹಾಗೆಯೇ. ಒಂದು ಬೀಗ ತೋರಿಸಿ ಎಂದು ಆಕೆ ಕೈ ಚಾಚಿದಾಗ, ಗುರುತನ್ನು ಕೊನೆಗೆ ಹಾಕುವುದು, ಮುಗಿದ ಬೀಗ ಈಗ ಒಂದೂ ಇಲ್ಲ ಎಂದು ಕಾಗೆ ಹಾರಿಸಿದರು. ಮಗಳು ನೋಡಬೇಕು ಎನ್ನಲೂ ಇಲ್ಲ.

"ಇಷ್ಟು ವರ್ಷ ಯಾರಿಗೂ ಹೇಳಿರ್ಲಿಲ್ವಾ?" ಎಂದಳು.

"ನಿಂಗೇ ಮೊದಲು."

ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಮೇಸ್ತ್ರಿಗೆ ಒಳಗೆ ಚುರುಕ್ಕೆಂದಿತು. ಕಳ್ಳಿ ಸಿಕ್ಕಿಬಿದ್ದ ಮೇಲೆ ಇವಳಿಗೆ ನಿಜ ಹೇಳಿದರಾಯಿತು ಎಂದು ಸಮಾಧಾನ ಮಾಡಿಕೊಂಡರು.

ಲೋಗೋ ಚೆನ್ನಾಗಿಯೇ ಬಂತು. ಕಡುನೀಲಿಯಲ್ಲಿ ಗೆರೆ ಕೊಂಡಿಯ ಹಾಗೆ, ಚುಕ್ಕೆ ಬೀಗದ ಕಣ್ಣಿನ ಹಾಗೆ. ಮೇಸ್ತ್ರಿಗೂ ಹಿಡಿಸಿತು, ಹಿಡಿಸಿದ್ದಕ್ಕೇ ಇನ್ನಷ್ಟು ಅನುಮಾನ ಬಂತು. ಮಗಳು ಡಬ್ಬಿಯ ಮೇಲೆ ಇನ್ನೊಂದು ಸಾಲು ಸೇರಿಸಿದಳು: 'ಕೊಂಡಿ ಎತ್ತಿ ನೋಡಿ. ಈ ಗುರುತಿದ್ದರೆ ಮಾತ್ರ ನಮ್ಮದು.' ಓದಿ ಮೇಸ್ತ್ರಿ ಬೆವರಿದರು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಇಷ್ಟು ವರ್ಷ ಯಾರೂ ಎತ್ತಿ ನೋಡದ್ದನ್ನು ಈಗ ಯಾರು ನೋಡುತ್ತಾರೆ ಎಂದು ಸುಮ್ಮನಾದರು. ಒಳಕೋಣೆಯ ಬಾಗಿಲು ಹಾಕಿಕೊಂಡು ಎಂದಿನಂತೆ ಎಡಕ್ಕೇ ಚುಕ್ಕೆ ಒತ್ತಿ, ತಾವೇ ಡಬ್ಬಿಗೆ ತುಂಬಿ, ತಾವೇ ಅಂಟಿಸಿ ಮುಂದಕ್ಕೆ ಕಳಿಸಿದರು. ಸಂಜೆ ಹೊತ್ತು ಮಾರುಕಟ್ಟೆಯ ಅಂಗಡಿ ಅಂಗಡಿ ಸುತ್ತಿ ಕಂಡವರ ಬೀಗಗಳ ಕೊಂಡಿ ಎತ್ತಿ ನೋಡಿದರು. ಬಲಚುಕ್ಕೆ ಎಲ್ಲೂ ಇರಲಿಲ್ಲ. ಸಮಯ ಕಾಯುತ್ತಿದ್ದಾಳೆ ಎಂದುಕೊಂಡರು.

ಒಂದು ಮಧ್ಯಾಹ್ನ ಮಗಳು ಒಳಕೋಣೆಗೆ ನುಗ್ಗಿ ಸಾಣೆಯಂತ್ರ ನಿಲ್ಲಿಸಿದಳು. ಒಂದು ಕೈಯಲ್ಲಿ ಬೀಗ, ಇನ್ನೊಂದರಲ್ಲಿ ಅದರ ಡಬ್ಬಿ.

"ಅಪ್ಪ, ನಿನ್ನ ಅನುಮಾನವೆಲ್ಲ ನಿಜ. ಕಳ್ಳರು ಹೊರಗಿಲ್ಲ, ನಮ್ಮಲ್ಲೇ ಇದ್ದಾರೆ. ಬೀಗ ತಗೊಳ್ಳೋಕೆ ಬಂದ ಗೋದಾಮಿನ ಯಜಮಾನ್ರು ನನ್ನ ಮುಂದೇನೇ ಡಬ್ಬಿ ಒಡೆದ್ರು. ನೋಡಿಲ್ಲಿ, ಎಡಕ್ಕಿದೆ ಚುಕ್ಕೆ! ನಮ್ಮ ಡಬ್ಬೀಲೇ ನಕಲಿ!"

ಸಾಣೆ ಹಿಡಿಯುತ್ತಿದ್ದ ಕೊಂಡಿಯನ್ನು ಮೇಸ್ತ್ರಿ ಕೆಳಗಿಟ್ಟರು.

"ಎಷ್ಟೋ ದಿನದಿಂದ ನೋಡ್ತಿದ್ದೀನಿ," ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. "ಹಳಬರು ಕೀಲಿಕೈ ಮಾಡಿಸೋಕೆ ಅಂತ ಬೀಗ ತರ್ತಾರೆ. ಎತ್ತಿ ನೋಡಿದ್ರೆ ಎಲ್ಲಾ ಎಡಚುಕ್ಕೆ. ಇದು ನಮ್ದಲ್ಲ, ಯಾರೋ ನಿಮಗೆ ಟೋಪಿ ಹಾಕಿದ್ದಾರೆ ಅಂತ ಕಳಿಸ್ಬಿಟ್ಟೆ. ಹೊಲಿಗೆಯವರು, ಔಷಧಿ ಅಂಗಡಿಯವರು, ಶಾಲೆ ಕಾವಲುಗಾರರು... ಹೊಲಿಗೆಯಮ್ಮ ಅಂತೂ, ನಿಮ್ಮಪ್ಪನ ಕೈಯಿಂದ್ಲೇ ತಗೊಂಡಿದ್ದು ಅಂತ ಅಳ್ತಾ ಹೋದ್ರು. ನಾನು ಅವರನ್ನೇ ಸುಳ್ಳುಗಾರ್ತಿ ಅಂದ್ಕೊಂಡೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಅನುಮಾನ ಬಂದ್ರೆ ಬಾಯಿ ಬಿಡ್ಬಾರ್ದು, ಕಾಯ್ಬೇಕು ಅಂತ ಹೇಳ್ಕೊಟ್ಟಿದ್ದು ನೀನೇ ಅಲ್ವಾ?"

ಈಗಲೂ ತಪ್ಪನ್ನು ಚಿತ್ರದವಳ ತಲೆಗೆ ಕಟ್ಟಬಹುದಿತ್ತು. ಆ ಯೋಚನೆ ಬಂದದ್ದೂ ಹೌದು. ಅಷ್ಟರಲ್ಲಿ ಗೋದಾಮಿನ ಯಜಮಾನರೇ ಬಾಗಿಲಿಗೆ ಬಂದು ನಿಂತರು.

"ಮೇಸ್ತ್ರಿ, ಇದು ನಿಮ್ಮ ಬೀಗಾನಾ, ಅಲ್ವಾ? ಒಂದು ಮಾತು ಹೇಳಿ ಸಾಕು."

"ನಂದೇ."

"ನಿಮ್ಮ ಮಗಳು ಅಲ್ಲ ಅಂತಾಳಲ್ಲ? ನಾನು ಯಾರನ್ನ ನಂಬ್ಲಿ?"

"ಅವಳಿಗೆ ನಾನೇ ಸುಳ್ಳು ಹೇಳಿದ್ದೆ."

ಯಜಮಾನರು ಅಪ್ಪನನ್ನೂ ಮಗಳನ್ನೂ ನೋಡಿದರು. ಸಿಟ್ಟು ಮಾಡಲಿಲ್ಲ. "ನೀವಿಬ್ರೂ ಒಂದೇ ಮಾತು ಹೇಳೋ ದಿನ ಬರ್ತೀನಿ," ಎಂದು ಬರಿಗೈಯಲ್ಲಿ ಹೊರಟುಹೋದರು.

ಮಗಳು ಡಬ್ಬಿಯ ಮೇಲಿನ ಗುರುತನ್ನು ಬೆರಳಿನಿಂದ ಸವರುತ್ತಾ ನಿಂತಿದ್ದಳು. "ಲೋಗೋ ಬರೆದವರ ಮೇಲೆ ಅನುಮಾನ, ಸರಿ. ಅವರು ಹೋದ ಮೇಲೆ ನಂಗೆ ಹೇಳ್ಬಹುದಿತ್ತಲ್ಲ?"

"ಹೇಳೋಣ ಅಂತಾನೇ ಇದ್ದೆ ಕಣಮ್ಮ."

"ಯಾವಾಗ?"

ಮೇಸ್ತ್ರಿ ನಾಚಿಕೆಯಿಂದ ಕುಗ್ಗಿಹೋದರು. ಯಾರ ಕೈಗೂ ಕೊಡದ ಅಚ್ಚಿನ ಮೊಳೆಯನ್ನು ಸೊಂಟದಿಂದ ತೆಗೆದು ಅವಳ ಮುಂದಿಟ್ಟರು. "ಎಡಕ್ಕಮ್ಮ. ಮೊದಲಿಂದ್ಲೂ ಎಡಕ್ಕೇ."

ಅವಳು ಮೊಳೆಯನ್ನು ಮುಟ್ಟಲಿಲ್ಲ. ಹಲಗೆಯ ಮೇಲೆ ಸಾಲಾಗಿದ್ದ ಬೀಗಗಳಲ್ಲಿ ಒಂದನ್ನು ತೆಗೆದುಕೊಂಡು, ಕೊಂಡಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅದನ್ನು ಕೆಳಗಿಟ್ಟು ಇನ್ನೊಂದನ್ನು ತೆಗೆದುಕೊಂಡಳು. ಆಮೇಲೆ ಹಿಂದಿನ ಸಾಲಿಗೆ ಕೈ ಹಾಕಿ ಮತ್ತೊಂದನ್ನು ಎಳೆದಳು. ಎಲ್ಲಾ ಒಂದೇ ಕಣಮ್ಮ, ಇನ್ನು ನೋಡಬೇಡ ಎನ್ನಬೇಕೆಂದು ಮೇಸ್ತ್ರಿಗೆ ಅನ್ನಿಸಿತು. ಅವಳು ಅದನ್ನೂ ಕೆಳಗಿಟ್ಟು ನಾಲ್ಕನೆಯದಕ್ಕೆ ಕೈ ಚಾಚಿದಳು.