ಉಯ್ಯಾಲೆಯ ಕೆಳಗಿನ ಹುಲ್ಲು

ನಮ್ಮ ಬೀದಿಯ ಪಾರ್ಕಿನ ಮಾಲಿಗೆ ಮಕ್ಕಳು ಇಟ್ಟ ಹೆಸರು ಹುಲ್ಲು ತಾತ. "ಹುಲ್ಲು ತುಳೀಬೇಡ್ರೋ!" ಎಂದು ದಿನವಿಡೀ ಗಂಟಲು ಹರಿದುಕೊಳ್ಳುವವನಿಗೆ ಇನ್ನೇನು ಹೆಸರು ಬಂದೀತು? ಪಂಪಿನ ಪಕ್ಕದ ಕೋಣೆಯೇ ಅವನ ಮನೆ. ಗುದ್ದಲಿ, ಕತ್ತರಿ, ನೀರಿನ ಪೈಪು, ಹೆಂಡತಿ ಎಲ್ಲ ಅಲ್ಲೇ. ಇವೆಲ್ಲದರಲ್ಲಿ ಅವನ ಮಾತು ಕೇಳುತ್ತಿದ್ದುದು ಪೈಪು ಮಾತ್ರ, ಅದೂ ಮನಸ್ಸು ಬಂದಾಗ.

ನಗರಸಭೆ ಕೈಬಿಟ್ಟ ಕೆಲವು ಪಾರ್ಕುಗಳನ್ನು ಜವಳಿ ಅಂಗಡಿಯ ಯಜಮಾನತಿಯೊಬ್ಬರು ಸ್ವಂತ ಖರ್ಚಿನಲ್ಲಿ ಸಾಕುತ್ತಿದ್ದರು. ನಮ್ಮದೂ ಅವುಗಳಲ್ಲಿ ಒಂದು. ಈ ಸಲ ಒಂದನ್ನು ಬಿಟ್ಟುಬಿಡುತ್ತಾರಂತೆ, ಯಾವುದೆಂದು ಖುದ್ದಾಗಿ ನೋಡಿ ಹೇಳುತ್ತಾರಂತೆ ಎಂಬ ಸುದ್ದಿ ಬಂತು. ತಾತನ ಜೀವ ಬಾಯಿಗೆ ಬಂತು. ಪಾರ್ಕು ಹೋದರೆ ಕೆಲಸವೂ ಹೋಗುತ್ತದೆ, ಆ ಕೋಣೆಯೂ ಹೋಗುತ್ತದೆ.

ಹುಲ್ಲು ಕೆಡಬಾರದೆಂದು ಅಂದೇ ಗೇಟಿಗೆ ಬೀಗ ಹಾಕಿದ. ಒಂದು ನರಪಿಳ್ಳೆಯನ್ನೂ ಒಳಗೆ ಬಿಡಲಿಲ್ಲ. ಮಕ್ಕಳ ಕಾಲು ಉಜ್ಜಿ ಉಜ್ಜಿ ಬೋಳಾಗಿದ್ದ ಉಯ್ಯಾಲೆಯ ಕೆಳಗೂ ಅವನು ಹುಲ್ಲು ತಂದು ನೆಟ್ಟ. ಬೆಳಗಿನ ವಾಕಿಂಗ್ ತಪ್ಪಿದ ಸಿಟ್ಟಿಗೆ ನಾನೂ ಹೊರಗೆ ನಿಂತು ಬಾಯಿಗೆ ಬಂದಂತೆ ಬೈದೆ. ಅವನು ಬೆನ್ನು ತಿರುಗಿಸಿ ನೀರು ಹಾಯಿಸುತ್ತಲೇ ಇದ್ದ.

ಯಜಮಾನತಿ ಬಂದ ಸಂಜೆ, ಅವರು ಒಳಗೆ ಹೋಗಿ ಮತ್ತೆ ಬೀಗ ಬಿದ್ದ ಮೇಲೆ ನಾವೆಲ್ಲ, ದೊಡ್ಡವರು ಮಕ್ಕಳು ಎನ್ನದೆ, ಗೇಟಿಗೆ ಜೋತುಬಿದ್ದೆವು. ಅವರು ಒಂದು ಸುತ್ತು ಹಾಕಿ ಉಯ್ಯಾಲೆಯ ಮುಂದೆ ನಿಂತರು.

"ತುಂಬಾ ಚೆನ್ನಾಗಿಟ್ಟಿದೀಯಪ್ಪ. ಆದ್ರೆ ಉಯ್ಯಾಲೆ ಕೆಳಗೂ ಹುಲ್ಲು ಬೆಳೆದಿದೆಯಲ್ಲ! ಇಲ್ಲಿ ಮಕ್ಕಳೇ ಆಡಲ್ವಾ? ಯಾರೂ ಬರದ ಪಾರ್ಕಿಗೆ ನಾನ್ಯಾಕೆ ನೀರು ಹಾಕಿಸ್ಲಿ?"

ಕೋಣೆಯ ಬಾಗಿಲಲ್ಲಿದ್ದ ತಾತನ ಹೆಂಡತಿ ದಡದಡನೆ ಬಂದಳು.

"ಬೀಗದ ಕೈ ಕೊಡ್ರೀ ಇಲ್ಲಿ! ಹುಲ್ಲು ಹುಲ್ಲು ಅಂತ ಅನ್ನಕ್ಕೇ ಕಲ್ಲು ಹಾಕ್ಕೋತೀರಲ್ಲ!"

ಅವಳೇ ಕಿತ್ತುಕೊಂಡು ಗೇಟು ತೆರೆದಳು. ಮಕ್ಕಳು ಹೋ ಎಂದು ನುಗ್ಗಿ ಉಯ್ಯಾಲೆಯನ್ನು ಮುತ್ತಿಕೊಂಡರು. ನೋಡನೋಡುತ್ತಿದ್ದಂತೆ ಹುಲ್ಲು ಬೇರುಸಹಿತ ಎದ್ದುಬಂದು ಮಣ್ಣು ಕಾಣಿಸಿತು. ನಾನೂ ಬೈಗುಳ ಮರೆತು ಒಳಗೆ ಓಡಿದೆ.

ಯಜಮಾನತಿ ಸೆರಗಿನಿಂದ ಧೂಳು ಒರೆಸಿಕೊಳ್ಳುತ್ತ ನಕ್ಕರು. "ಸಾಕು ಬಿಡಪ್ಪ, ನೋಡಿದ್ದಾಯ್ತು. ಇಷ್ಟು ಮಕ್ಕಳನ್ನ ಬಿಟ್ಟು ನಾನೆಲ್ಲಿಗೆ ಹೋಗ್ಲಿ? ಈ ಪಾರ್ಕು ಬಿಡಲ್ಲ."

ತಾತನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಇನ್ನೊಂದು ಗುಂಪು ಹಸಿರಿನ ಮೇಲೆ ಹಾರಿತು. ಅಭ್ಯಾಸಬಲದಿಂದ ಅವನ ಬಾಯಿ ತೆರೆಯಿತು.

"ಹುಲ್ಲು..." ಎಂದವನು ಹೆಂಡತಿಯ ಮುಖ ನೋಡಿದ. "ತುಳೀರೋ! ಚೆನ್ನಾಗಿ ತುಳೀರೋ!"